ಕಪ್ ನಮ್ದೇ, ಕ್ಲಬ್ ಯಾರದ್ದು?

ಮ್ಯಾಂಚೆಸ್ಟರ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಹಿರಿಯರ ಸ್ಕಾರ್ಫ್ ನನ್ನ ತಲೆ ಕೆಡಿಸಿತ್ತು. ಇಲ್ಲಿ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್. ಯುನೈಟೆಡ್ ಅಂದರೆ ಕೆಂಪು, ಸಿಟಿ ಅಂದರೆ ತಿಳಿನೀಲಿ. ಅಷ್ಟು ನನಗೂ ಗೊತ್ತಿತ್ತು. ಇವರು ಯುನೈಟೆಡ್ ಅಂದರೆ ಪ್ರಾಣ ಬಿಡುವ ಮನುಷ್ಯ. ಆದರೆ ಪಂದ್ಯದ ದಿನ ಕೊರಳಿಗೆ ಸುತ್ತಿಕೊಳ್ಳುತ್ತಿದ್ದದ್ದು ಹಸಿರು ಹಳದಿ ಪಟ್ಟೆಯ ಸ್ಕಾರ್ಫ್. ಹಳದಿ ಇದ್ದ ಮೇಲೆ ಪಕ್ಕದಲ್ಲಿ ಕೆಂಪೂ ಇರಬೇಕಲ್ಲ ಅನ್ನುವ ಕನ್ನಡದ ಕಣ್ಣು ನನ್ನದು. ಹಸಿರು ಎಲ್ಲಿಂದ ಬಂತು?

ಒಂದು ದಿನ ಕೇಳಿಯೇಬಿಟ್ಟೆ. ಅವರು ಸ್ಕಾರ್ಫ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಅಂಗಡಿಯದ್ದಲ್ಲ, ಕೈಯಲ್ಲಿ ಹೆಣೆದದ್ದು. ಒಂದು ತುದಿಯಲ್ಲಿ ಹೊಲಿಗೆ ತಪ್ಪಿ ಗಂಟು ಬಿದ್ದಿತ್ತು. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಕೆಲಸಗಾರರು ಕಟ್ಟಿಕೊಂಡ ತಂಡದ ಬಣ್ಣ ಇದು. ಆ ತಂಡವೇ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. 2010ರಲ್ಲಿ ಅಭಿಮಾನಿಗಳು ಮಾಲೀಕರ ಮೇಲಿನ ಸಿಟ್ಟಿಗೆ ಈ ಹಳೇ ಬಣ್ಣವನ್ನು ಹೊರಗೆ ತೆಗೆದರು. ಕೆಂಪು ಕ್ರೀಡಾಂಗಣದ ತುಂಬ ಹಸಿರು ಹಳದಿ. ಆ ಮಾರ್ಚ್‌ನಲ್ಲಿ ಎದುರು ತಂಡದ ಕಡೆಯಿಂದ ಆಡಲು ಬಂದ ಯುನೈಟೆಡ್‌ನ ಹಳೇ ಆಟಗಾರ ಬೆಕ್‌ಹ್ಯಾಮ್ ಕೂಡ ಪಂದ್ಯ ಮುಗಿದ ಮೇಲೆ ಒಂದನ್ನು ಎತ್ತಿ ಕೊರಳಿಗೆ ಹಾಕಿಕೊಂಡರು. ಸರಿ, ಹೆಣೆದದ್ದು ಯಾಕೆ? ಕ್ಲಬ್ಬಿನ ಅಂಗಡಿಯಲ್ಲಿ ಏನು ಕೊಂಡರೂ ಆ ದುಡ್ಡು 'ಅವರಿಗೆ' ಹೋಗುತ್ತಲ್ಲ, ಅದಕ್ಕೆ.

ಈ 'ಅವರು' ಅನ್ನುವ ಮಾತು ಆಮೇಲೆ ನನ್ನ ಕಿವಿಯಲ್ಲೇ ಉಳಿಯಿತು. ಆಟದ ಮಾತಾದರೆ ಹಿರಿಯರ ಬಾಯಲ್ಲಿ ಯಾವಾಗಲೂ 'ನಾವು'. ದುಡ್ಡಿನ ಮಾತು ಬಂತೋ, 'ಅವರು'. ಶನಿವಾರ ನಾವು ಸೋತೆವು, ಬೇಸಿಗೆಯಲ್ಲಿ ಅವರು ಎಂಟು ಕೋಟಿ ಪೌಂಡ್ ನೀರಿಗೆ ಹಾಕಿದರು. ಎರಡೂ ಒಂದೇ ಉಸಿರಿನಲ್ಲಿ.

ನಾನು ಆರ್‌ಸಿಬಿ ಮನುಷ್ಯ. 'ಈ ಸಲ ಕಪ್ ನಮ್ದೇ' ಅಂತ ವರ್ಷವರ್ಷ ಕೂಗಿ, 2025ರಲ್ಲಿ ಅದು ನಿಜವಾಗುವ ಹೊತ್ತಿಗೆ ತಲೆಯಲ್ಲಿ ಬಿಳಿ ಕೂದಲು ಬಂದವನು. ಆದರೆ ಆ 'ನಮ್ದೇ' ಅಂದರೆ ಯಾರದ್ದು ಅಂತ ಯಾವತ್ತಾದರೂ ಯೋಚಿಸಿದ್ದೆನಾ? ಇಲ್ಲ. 2008ರಲ್ಲಿ ವಿಜಯ್ ಮಲ್ಯ ಅವರ ಕಂಪನಿ 11 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ತಂಡ ಕೊಂಡಿತು. ಆಮೇಲೆ ಕಂಪನಿಯೇ ಬ್ರಿಟನ್ನಿನ ಮದ್ಯದ ಕಂಪನಿ ಡಿಯಾಜಿಯೋ ಕೈಗೆ ಹೋಯಿತು, ಜೊತೆಗೆ ತಂಡವೂ ಹೋಯಿತು. ನನ್ನ ಸ್ನೇಹಿತರ ಗುಂಪಿನಲ್ಲಿ ಅದರ ಬಗ್ಗೆ ಒಂದು ಮೆಸೇಜೂ ಬಂದ ನೆನಪಿಲ್ಲ. ನಮ್ಮ ಜಗಳವೆಲ್ಲ ಹರಾಜಿನ ದಿನದ್ದು. ಚಾಹಲ್‌ನನ್ನು ಯಾಕೆ ಬಿಟ್ಟರು? ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋಗುವಾಗ ಟೇಬಲ್ ಮುಂದೆ ಕೂತವರು ಏನು ಮಾಡುತ್ತಿದ್ದರು? ಎರಡು ದಿನ ಬೈಯುತ್ತೇವೆ. ಮೊದಲ ಪಂದ್ಯ ಗೆದ್ದರೆ ಮುಗಿಯಿತು, ಎಲ್ಲ ಮಾಫಿ.

ಇಲ್ಲಿಯವರ ಸಿಟ್ಟು ಇಪ್ಪತ್ತು ವರ್ಷದ್ದು. ಮೊದಮೊದಲು ಅತಿ ಆಯಿತು ಅನಿಸುತ್ತಿತ್ತು. ಇಷ್ಟು ಕಪ್ ಗೆದ್ದ ತಂಡ, ಇನ್ನೇನು ಬೇಕು ಇವರಿಗೆ?

ಆಮೇಲೆ ಸಾಲದ ಕತೆ ತಿಳಿಯಿತು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಯುನೈಟೆಡ್ ಅನ್ನು ಸುಮಾರು 79 ಕೋಟಿ ಪೌಂಡ್‌ಗೆ ಕೊಂಡಿತು. ಅದರಲ್ಲಿ ಹೆಚ್ಚಿನದು ಸಾಲ. ಸಾಲದ ದೊಡ್ಡ ಪಾಲು ಬಿದ್ದದ್ದು ಕ್ಲಬ್ಬಿನ ತಲೆಗೇ. ನಾನೂ ಮನೆ ಸಾಲದ ಕಂತು ಕಟ್ಟುವವನು, ಹಾಗಾಗಿ ಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ವಠಾರ ಇದೆ. ನಾಲ್ಕು ತಲೆಮಾರಿನಿಂದ ಜನ ಬಾಡಿಗೆಗಿದ್ದಾರೆ. ಹೊರಗಿನವನೊಬ್ಬ ಬಂದು ಅದೇ ವಠಾರದ ಪತ್ರ ಅಡವಿಟ್ಟು, ಬಂದ ದುಡ್ಡಲ್ಲಿ ವಠಾರ ಕೊಳ್ಳುತ್ತಾನೆ. ಕಂತು ಯಾರು ಕಟ್ಟಬೇಕು? ಬಾಡಿಗೆದಾರರು. ಸೂರು ಸೋರಿದರೆ 'ಈ ವರ್ಷ ಕೈಲಿ ಕಾಸಿಲ್ಲ' ಅನ್ನುವುದು ಬೇರೆ. ಬಡ್ಡಿ, ಸಾಲದ ಖರ್ಚು, ಮಾಲೀಕರ ಲಾಭಾಂಶ ಎಲ್ಲ ಸೇರಿಸಿ ಲೆಕ್ಕ ಹಾಕಿದವರು 100 ಕೋಟಿ ಪೌಂಡ್ ದಾಟಿದೆ ಅನ್ನುತ್ತಾರೆ.

ಹಾಗಂತ ಆಟಗಾರರಿಗೆ ದುಡ್ಡು ಸುರಿಯಲಿಲ್ಲ ಅಂತಲ್ಲ. ಗೋಳು ಇರುವುದೇ ಅಲ್ಲಿ. ಯುನೈಟೆಡ್‌ನಲ್ಲಿದ್ದ ಪೋಗ್ಬಾ 2012ರಲ್ಲಿ ಬಿಡಿಗಾಸಿಗೆ ಇಟಲಿಯ ಯುವೆಂಟಸ್‌ಗೆ ಹೋದ. 2016ರಲ್ಲಿ ಅದೇ ಹುಡುಗನನ್ನು 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದರು. 2022ರಲ್ಲಿ ಮತ್ತೆ ಬಿಟ್ಟಿಯಾಗಿ ಅಲ್ಲಿಗೇ ಹೋದ. ಅದೇ ವರ್ಷ ಆಂಟನಿ ಎಂಬ ಆಟಗಾರನಿಗೆ ಎಂಟು ಕೋಟಿ ಪೌಂಡ್‌ಗೂ ಮೇಲೆ ಕೊಟ್ಟರು. ಮೂರು ವರ್ಷದಲ್ಲಿ ಸ್ಪೇನ್‌ನ ಕ್ಲಬ್ಬಿಗೆ ಸುಮಾರು ಕಾಲುಭಾಗದ ಬೆಲೆಗೆ ಮಾರಿದರು. ಸಂತೆಯಲ್ಲಿ ಎತ್ತು ಕೊಳ್ಳುವವನೂ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇವರು ಸಂತೆ ಮುಗಿಯುವ ಸಂಜೆ ಓಡಿಬಂದು, ಮಾರುವವನು ಹೇಳಿದ ರೇಟಿಗೆ ಕೊಂಡವರು. ಕೊಂಡದ್ದೂ ಕಂತಿನ ಮೇಲೆ. ಆಟಗಾರ ಊರು ಬಿಟ್ಟರೂ ಅವನ ಕಂತು ಊರು ಬಿಡುವುದಿಲ್ಲ. 2024ರಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡು ಒಳಗೆ ಬಂದ ಜಿಮ್ ರ‍್ಯಾಟ್‌ಕ್ಲಿಫ್ ಅವರೇ ಮರುವರ್ಷ ಈ ಹಳೇ ಬಾಕಿಗಳ ಬಗ್ಗೆ ಬಹಿರಂಗವಾಗಿ ಗೊಣಗಿದರು. ಆ ಹೊತ್ತಿಗೆ ನೂರಾರು ನೌಕರರ ಕೆಲಸ ಹೋಗಿತ್ತು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳಿಗೆ 66 ಪೌಂಡ್ ಆಯಿತು. ಮಕ್ಕಳಿಗೂ ಅಷ್ಟೇ, ವಯಸ್ಸಾದವರಿಗೂ ಅಷ್ಟೇ.

ಇಲ್ಲೊಂದು ಮಾತು ಹೇಳದಿದ್ದರೆ ಅಭಿಮಾನಿಗಳ ಪರ ವಕಾಲತ್ತು ಮಾಡಿದ ಹಾಗಾಗುತ್ತದೆ. ಆಗಸ್ಟ್ ತಿಂಗಳಲ್ಲಿ 'ಕೊಳ್ಳಿ, ಕೊಳ್ಳಿ, ಎದುರಾಳಿ ಕ್ಲಬ್ ನಾಲ್ವರನ್ನು ಕೊಂಡಿತು, ನೀವು ಮಲಗಿದ್ದೀರಾ' ಅಂತ ಅರಚುವವರೂ ಇವರೇ. ಮೇ ತಿಂಗಳಲ್ಲಿ 'ಇಷ್ಟೊಂದು ಕೊಟ್ಟು ಇವನನ್ನು ತಂದರಾ' ಅಂತ ಹಣೆ ಚಚ್ಚಿಕೊಳ್ಳುವವರೂ ಇವರೇ. ಟ್ರಾನ್ಸ್‌ಫರ್ ವಿಂಡೋ, ಅಂದರೆ ಆಟಗಾರರನ್ನು ಕೊಳ್ಳುವ ಮಾರುವ ಅವಧಿ, ಮುಚ್ಚುವ ರಾತ್ರಿ ನಮ್ಮ ಹಿರಿಯರ ಅಡುಗೆಮನೆಯ ದೀಪ ಹನ್ನೊಂದಕ್ಕೂ ಉರಿಯುತ್ತಿರುತ್ತದೆ. ಟಿವಿ ಮುಂದೆ ಕೂತು ಕಾಯುತ್ತಾರೆ. ಬೆಳಿಗ್ಗೆ ಕೇಳಿದರೆ 'ನಾನೆಲ್ಲಿ ನೋಡಿದೆ' ಅನ್ನುತ್ತಾರೆ.

ನಮಗೆ ಈ ರೋಗ ಯಾಕಿಲ್ಲ? ನಾವು ಸಮಾಧಾನಿಗಳು ಅಂತ ಅಲ್ಲ, ಐಪಿಎಲ್‌ನ ಕಟ್ಟೋಣವೇ ಬೇರೆ. 2025ರ ತಂಡ ಕಟ್ಟಲು ಹತ್ತೂ ತಂಡಗಳಿಗೆ ತಲಾ 120 ಕೋಟಿ ರೂಪಾಯಿ, ಅಷ್ಟೇ. ಮಾಲೀಕ ಎಷ್ಟೇ ದೊಡ್ಡ ಕುಳವಾದರೂ ಅದನ್ನು ದಾಟುವಂತಿಲ್ಲ. ಕೊನೆಯ ಸ್ಥಾನಕ್ಕೆ ಬಿದ್ದರೂ ಮುಂದಿನ ವರ್ಷ ಅದೇ ಲೀಗ್‌ನಲ್ಲಿ ಆಟ. ಇಲ್ಲಿ ಪ್ರತಿ ವರ್ಷ ಕೊನೆಯ ಮೂರು ತಂಡ ಕೆಳಗಿನ ದರ್ಜೆಗೆ ಉರುಳುತ್ತವೆ. 2023ರ ಹೊತ್ತಿಗೆ ನಷ್ಟಕ್ಕೊಂದು ಮಿತಿ ಇತ್ತು, ಮೂರು ವರ್ಷಕ್ಕೆ ಹತ್ತೂವರೆ ಕೋಟಿ ಪೌಂಡ್. ಅದನ್ನು ಮೀರಿದ್ದಕ್ಕೆ ಆ ವರ್ಷ ಎವರ್ಟನ್ ಕ್ಲಬ್ಬಿನ 10 ಅಂಕ ಕಿತ್ತುಕೊಂಡರು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಲೆಕ್ಕ ತಪ್ಪಿದ್ದು ಆಫೀಸಿನಲ್ಲಿ, ಶಿಕ್ಷೆ ಮೈದಾನದಲ್ಲಿ.

ಕೆಳಗೆ ಉರುಳುವುದಕ್ಕಿಂತ ಕೆಟ್ಟದ್ದೂ ಇದೆ. ಇಲ್ಲಿಂದ ಟ್ರಾಮ್ ಹತ್ತಿದರೆ ಬರಿ ಎಂಬ ಊರು. ಅದರ ಕ್ಲಬ್ 1885ರದ್ದು, ಬೇರೆಬೇರೆ ದರ್ಜೆಯ ತಂಡಗಳು ಒಟ್ಟಿಗೆ ಆಡುವ ಎಫ್‌ಎ ಕಪ್ ಅನ್ನು ಎರಡು ಸಲ ಗೆದ್ದದ್ದು. 2018ರ ಕೊನೆಯಲ್ಲಿ ಅದು ಒಂದು ಪೌಂಡ್‌ಗೆ ಕೈ ಬದಲಾಯಿಸಿತು. ಹೌದು, ಒಂದೇ ಪೌಂಡ್. ಮರು ಆಗಸ್ಟ್‌ನಲ್ಲಿ, ಸಾಲ ತೀರಿಸುವ ದಾರಿ ತೋರಿಸಲಿಲ್ಲ ಅಂತ ಲೀಗ್ ಅದನ್ನು ಹೊರಗೆ ಹಾಕಿತು. ಗಡುವಿನ ದಿನ ಕೊನೇ ಗಳಿಗೆಯಲ್ಲಿ ಯಾರೋ ಕೊಳ್ಳುತ್ತಾರೆ ಅಂತ ಸುದ್ದಿ ಹಬ್ಬಿತು. ಊರಿನ ಜನ ಬಕೆಟ್ಟು, ಮಾಪು ಹಿಡಿದುಕೊಂಡು ಕ್ರೀಡಾಂಗಣಕ್ಕೆ ಹೋದರು. ಶನಿವಾರ ಪಂದ್ಯ ಇದ್ದರೆ ಸೀಟು ಒರೆಸಿರಬೇಕಲ್ವಾ? ಒರೆಸಿದರು. ಆ ರಾತ್ರಿಯೇ ಕ್ಲಬ್ ಲೀಗ್‌ನಿಂದ ಹೋಯಿತು. ಯಾವ ಕೋಟಿಯ ಲೆಕ್ಕಕ್ಕಿಂತಲೂ ಈ ಬಕೆಟ್ ಹಿಡಿದ ಜನರೇ ನನಗೆ ಇಲ್ಲಿಯವರ ಸಿಟ್ಟನ್ನು ಅರ್ಥ ಮಾಡಿಸಿದ್ದು. ಸಂಬಳವಿಲ್ಲದೆ ಬಂದು ಸೀಟು ಒರೆಸುವ ಹಕ್ಕಿದೆ, ಯಾರಿಗೆ ಮಾರಬೇಕು ಅಂತ ಹೇಳುವ ಹಕ್ಕಿಲ್ಲ.

ಜರ್ಮನಿಯಲ್ಲಿ ಆ ಹಕ್ಕಿದೆ. ಅಲ್ಲಿ ಒಂದೆರಡು ಕ್ಲಬ್ ಬಿಟ್ಟರೆ ಉಳಿದ ಕಡೆ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕು. 2024ರ ಆರಂಭದಲ್ಲಿ ಲೀಗ್‌ನವರು ಹೊರಗಿನ ಹೂಡಿಕೆದಾರರನ್ನು ತರಲು ಹೊರಟಾಗ ಅಭಿಮಾನಿಗಳು ವಾರವಾರ ಮೈದಾನಕ್ಕೆ ಟೆನಿಸ್ ಬಾಲ್ ಎಸೆದು ಆಟ ನಿಲ್ಲಿಸಿದರು. ಫೆಬ್ರವರಿಯಲ್ಲಿ ಲೀಗ್ ಆ ಯೋಜನೆ ಕೈಬಿಟ್ಟಿತು. ಇಂಗ್ಲೆಂಡ್‌ನಲ್ಲಿ 2025ರಲ್ಲಿ ಕಾನೂನು ಬಂದಿದೆ. ಮಾಲೀಕರನ್ನು ಪರೀಕ್ಷಿಸಲು ಸ್ವತಂತ್ರ ನಿಯಂತ್ರಕರು ಬಂದಿದ್ದಾರೆ. ಒಳ್ಳೆಯದೇ. ಆದರೆ ಯಾರನ್ನು ಎಷ್ಟಕ್ಕೆ ಕೊಳ್ಳಬೇಕು ಅನ್ನುವುದು ಅವರ ಕೆಲಸ ಅಲ್ಲ. ಆಂಟನಿಯಂಥ ವ್ಯಾಪಾರವನ್ನು ಯಾವ ಕಾನೂನೂ ತಪ್ಪಿಸುವುದಿಲ್ಲ.

ನಮ್ಮ ಹಿರಿಯರ ಪಾಲಿಗೆ ಇನ್ನೊಂದು ದಾರಿ ಇತ್ತು. 2005ರಲ್ಲೇ ಕೆಲವು ಅಭಿಮಾನಿಗಳು ಸಿಟ್ಟಿನಲ್ಲಿ ಎದ್ದುಹೋಗಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಹತ್ತನೇ ದರ್ಜೆಯಿಂದ ಶುರು. ಎಷ್ಟು ದುಡ್ಡು ಹಾಕಿದರೂ ಒಬ್ಬರಿಗೆ ಒಂದೇ ಓಟು. ಅಂಗಿಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಜನರಿಂದ ಷೇರು ಎತ್ತಿ, ಅನುದಾನ ಸೇರಿಸಿ 2015ರಲ್ಲಿ ಸ್ವಂತ ಮೈದಾನ ಕಟ್ಟಿಕೊಂಡರು.

ಹಿರಿಯರು ಇದನ್ನೆಲ್ಲ ವಿವರಿಸುತ್ತಿದ್ದರೆ ನನಗೆ ನಗು ಬಂತು. ಇದು ನಮ್ಮೂರ ಹಾಲಿನ ಡೇರಿ! ಷೇರು, ಸದಸ್ಯತ್ವ, ವಾರ್ಷಿಕ ಸಭೆ, ನಿರ್ದೇಶಕರ ಚುನಾವಣೆ. ಹತ್ತು ಹಸು ಇದ್ದವನಿಗೂ ಒಂದು ಓಟು, ಒಂದು ಹಸು ಇದ್ದವನಿಗೂ ಒಂದು ಓಟು. ಇದರ ಬೇರು ಹುಡುಕಿದರೆ ಇಲ್ಲೇ ಪಕ್ಕದ ರಾಚ್‌ಡೇಲ್‌ನಲ್ಲಿ ಸಿಗುತ್ತದೆ. 1844ರಲ್ಲಿ ಅಲ್ಲಿನ ನೇಕಾರರು ಮತ್ತಿತರರು ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಮಾರುವ ಅಂಗಡಿ ತೆರೆದರು. ಸಹಕಾರ ಚಳವಳಿ ಬೆಳೆದದ್ದು ಆ ಅಂಗಡಿಯ ಮಾದರಿಯ ಮೇಲೆ. ಅದು ನಮ್ಮ ಗದಗದ ಕಣಗಿನಹಾಳ ಮುಟ್ಟಿದ್ದು 1905ರಲ್ಲಿ, ಸಿದ್ದನಗೌಡ ಪಾಟೀಲರ ಕೈಯಿಂದ. ಸರಿಯಾಗಿ ನೂರು ವರ್ಷದ ಮೇಲೆ ಮ್ಯಾಂಚೆಸ್ಟರ್‌ನವರಿಗೆ ತಮ್ಮ ಪಕ್ಕದೂರಿನ ಪಾಠ ನೆನಪಾಯಿತು. 2010ರಲ್ಲಿ ಎಫ್‌ಎ ಕಪ್‌ನಲ್ಲಿ ಎಫ್‌ಸಿ ಯುನೈಟೆಡ್ ತನಗಿಂತ ಎಷ್ಟೋ ಮೇಲಿನ ದರ್ಜೆಯ ತಂಡವನ್ನು 3-2ರಿಂದ ಸೋಲಿಸಿತು. ಯಾವ ತಂಡ ಗೊತ್ತಾ? ರಾಚ್‌ಡೇಲ್. ಅದೂ ಅವರದ್ದೇ ಮೈದಾನದಲ್ಲಿ.

ಡೇರಿ ಅಂದ ಮೇಲೆ ಡೇರಿ ರಾಜಕೀಯವೂ ಇರಬೇಕು. ಇದೆ. 2016ರಲ್ಲಿ ಎಫ್‌ಸಿ ಯುನೈಟೆಡ್‌ನಲ್ಲಿ ಸದಸ್ಯರೇ ಎರಡು ಪಾಳಯವಾಗಿ, ಮುಂದಾಳುಗಳು ರಾಜೀನಾಮೆ ಕೊಟ್ಟು ಹೋದರು. ಸ್ಪೇನ್‌ನ ಬಾರ್ಸಿಲೋನಾ ಕೂಡ ಸದಸ್ಯರದ್ದೇ ಕ್ಲಬ್, ಅಧ್ಯಕ್ಷರನ್ನು ಆರಿಸುವುದು ಅವರೇ. ಆದರೂ ಸಾಲ ನೂರು ಕೋಟಿ ಯೂರೋ ದಾಟಿ, 2021ರಲ್ಲಿ ಮೆಸ್ಸಿಯನ್ನು ಕಳುಹಿಸಬೇಕಾಯಿತು. ಓಟು ಇದ್ದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ, ನಾವು ಕಂಡಿಲ್ಲವೇ? ಆದರೂ ನಾನೇ ಆರಿಸಿದವನು ಮುಳುಗಿಸಿದರೆ ಬರುವ ಸಿಟ್ಟು ಬೇರೆ, ಮುಖವನ್ನೇ ನೋಡದವನು ಮುಳುಗಿಸಿದರೆ ಬರುವ ಸಿಟ್ಟು ಬೇರೆ. ಮೊದಲನೆಯದಕ್ಕೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಎರಡನೆಯದಕ್ಕೆ ಸ್ಕಾರ್ಫ್ ಹೆಣೆಯುತ್ತಾ ಕೂರಬೇಕು.

ಕಳೆದ ಚಳಿಗಾಲದಲ್ಲಿ ಹಿರಿಯರು ನನ್ನನ್ನು ಎಫ್‌ಸಿ ಯುನೈಟೆಡ್ ಪಂದ್ಯಕ್ಕೆ ಕರೆದುಕೊಂಡು ಹೋದರು. ನಿಂತು ನೋಡುವ ಜಾಗ, ಕೈಯಲ್ಲಿ ಟೀ, ಮುಂದಿನ ಸಾಲಿನಲ್ಲಿ ಅಪ್ಪನ ಹೆಗಲ ಮೇಲೆ ಕೂತ ಹುಡುಗಿ. ಜನ ಹಾಡುತ್ತಲೇ ಇದ್ದರು, ಸ್ಕೋರ್ ಏನಿದ್ದರೂ. ಹಾಫ್‌ಟೈಮ್‌ನಲ್ಲಿ ಸದಸ್ಯತ್ವದ ಬಗ್ಗೆ ಕೇಳಿದೆ. ಅವರು ಖುಷಿಯಿಂದ ಮಾತು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಕನ್ನಡಕ ಹಣೆಗೆ ಏರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದರು. ಮಂಜಿನಲ್ಲಿ ಕಾಣಲಿಲ್ಲವೇನೋ, ನನ್ನ ಕೈಗೆ ಕೊಟ್ಟರು.

'ಸ್ವಲ್ಪ ನೋಡಿ ಹೇಳು, ಅಲ್ಲಿ ನಾವು ಗೋಲು ಹೊಡೆದೆವಾ?'