ಒಂದು ಸ್ಲಾಟ್ ಇದ್ದಿದ್ದರೆ ಸಾಕಿತ್ತು

ಶುಕ್ರವಾರ ಸಂಜೆಯಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಆಫೀಸಿನ ಡ್ರೈವರ್ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವರ ಮಗಳು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆಫೀಸಿನ ಹಳೇ ಲ್ಯಾಪ್‌ಟಾಪ್‌ಗಳನ್ನು ಸಿಬ್ಬಂದಿಗೇ ಕಡಿಮೆ ಬೆಲೆಗೆ ಕೊಟ್ಟಾಗ ಅವರೂ ಒಂದನ್ನು ತೆಗೆದುಕೊಂಡಿದ್ದರು. ಶುಕ್ರವಾರ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಟೇಬಲ್ ಹತ್ತಿರ ತಂದರು. "ಸರ್, ಮಗಳು ತುಂಬಾ ಸ್ಲೋ ಅಂತಾಳೆ. ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಂತೆ. ದುಡ್ಡು ತಂದಿದ್ದೀನಿ" ಅಂದರು. ಜೇಬಿನಿಂದ ಮಡಿಚಿದ ನೋಟುಗಳನ್ನೂ ತೆಗೆದರು.

ಅವಳು ಹೇಳಿದ್ದು ಸರಿಯಾಗೇ ಇತ್ತು. ರ‍್ಯಾಮ್ ಅಂದರೆ ತೆರೆದಿಟ್ಟ ಕೆಲಸವನ್ನೆಲ್ಲ ಲ್ಯಾಪ್‌ಟಾಪ್ ಹಿಡಿದಿಟ್ಟುಕೊಳ್ಳುವ ಮೆಮೊರಿ. ಅದು ಇದ್ದದ್ದು 8 ಜಿಬಿ. ಅವಳಿಗೆ ಬೇಕಾದದ್ದು ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ. ಅದನ್ನು ಎಮ್ಯುಲೇಟರ್ ಜೊತೆ, ಅಂದರೆ ಪರದೆಯಲ್ಲೇ ನಡೆಯುವ ನಕಲಿ ಫೋನ್ ಜೊತೆ, ಓಡಿಸಬೇಕಾದರೆ 16 ಜಿಬಿ ಇರಲಿ ಅಂತ ಗೂಗಲ್‌ನವರೇ ಹೇಳುತ್ತಾರೆ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ಪ್ರೊಸೆಸರ್ 11ನೇ ತಲೆಮಾರಿನ ಐ5. ಪರದೆಯಲ್ಲಿ ಒಂದು ಗೀರಿಲ್ಲ. ಕೀಬೋರ್ಡ್ ಹೊಸದರ ಹಾಗಿದೆ.

ತಿರುಗಿಸಿಟ್ಟು ಸ್ಕ್ರೂ ಸಡಿಲ ಮಾಡಿದೆ. ಹಳೇ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತಲೂ ಎಳೆದೆ. ಟಕ್ ಟಕ್ ಅಂತ ಮುಚ್ಚಳ ಬಿಟ್ಟಿತು. ಬ್ಯಾಟರಿ ಇದೆ, ಫ್ಯಾನ್ ಇದೆ, ಎಸ್‌ಎಸ್‌ಡಿ ಇದೆ. ರ‍್ಯಾಮ್ ಹಲಗೆ ಸಿಕ್ಕಿಸುವ ಸ್ಲಾಟ್ ಮಾತ್ರ ಇಲ್ಲ. ಪ್ರೊಸೆಸರ್ ಪಕ್ಕದಲ್ಲಿ ನಾಲ್ಕು ಕಪ್ಪು ಚಿಪ್, ಉಗುರಿನಷ್ಟು ದೊಡ್ಡವು, ಬೋರ್ಡಿಗೇ ಬೆಸೆದಿದ್ದಾರೆ. ಆ 8 ಜಿಬಿ ಹುಟ್ಟಿದಾಗಲೂ 8, ಗುಜರಿಗೆ ಹೋಗುವಾಗಲೂ 8.

ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನೋಟು ಇನ್ನೂ ಕೈಯಲ್ಲೇ ಇತ್ತು.

ಈಗ ಹೇಳಲೇಬೇಕಾದ ಮಾತು ಹೇಳಿಬಿಡುತ್ತೇನೆ. 2021ರಲ್ಲಿ ಆ ಮಾಡೆಲ್ ಆರಿಸಿದವನು ನಾನೇ. ನಲವತ್ತು ಲ್ಯಾಪ್‌ಟಾಪ್‌ಗಳ ಆರ್ಡರ್. ಸಹಿ ನನ್ನದು. ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ತೆಳ್ಳಗಿರಬೇಕು, ಹಗುರಾಗಿರಬೇಕು ಅಂತ ಮೇಲಿನವರ ಆಸೆ. ಸ್ಪೆಸಿಫಿಕೇಶನ್ ಹಾಳೆಯಲ್ಲಿ "ಆನ್‌ಬೋರ್ಡ್ ಮೆಮೊರಿ" ಅಂತ ಬರೆದಿತ್ತು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಾಕು ಬಿಡು ಅಂದುಕೊಂಡೆ. ಎರಡನೇ ವರ್ಷಕ್ಕೇ ದೂರು ಶುರುವಾಯಿತು. ಮೀಟಿಂಗ್ ಆ್ಯಪ್ ಒಂದು, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಹಿಂದೆ ಆ್ಯಂಟಿವೈರಸ್, ಜೊತೆಗೆ ಎಕ್ಸೆಲ್. ಅಷ್ಟಕ್ಕೇ 8 ಜಿಬಿ ಮುಗಿಯಿತು. ಅಕೌಂಟ್ಸ್‌ನವರು ತಿಂಗಳ ಕೊನೆಯಲ್ಲಿ ಜಿಎಸ್‌ಟಿ ಕೆಲಸಕ್ಕೆ ಕೂತರೆ ಮೌಸ್ ಸುತ್ತುತ್ತಲೇ ಇರುತ್ತಿತ್ತು. ನಾನು ಅವರಿಗೆಲ್ಲ "ರೀಸ್ಟಾರ್ಟ್ ಮಾಡಿ" ಅಂತಲೇ ಹೇಳುತ್ತಾ ಬಂದೆ. ನನ್ನ ಕೈಯಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಆಗ ಮಾಡಿದ ತಪ್ಪು ಈಗ ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಟೇಬಲ್‌ಗೇ ವಾಪಸ್ ಬಂತು.

ಬಿಸಿನೆಸ್ ಲ್ಯಾಪ್‌ಟಾಪ್‌ಗೆ ನಾವು ಜಾಸ್ತಿ ದುಡ್ಡು ಕೊಡುತ್ತಿದ್ದದ್ದು ಯಾಕೆ ಹೇಳಿ? ಗಟ್ಟಿ ಇರುತ್ತದೆ, ಬಿಚ್ಚಬಹುದು, ಕೆಟ್ಟ ಭಾಗ ಬದಲಿಸಬಹುದು ಅಂತ ತಾನೇ? 2011ರ ಲೆನೋವೊ ಥಿಂಕ್‌ಪ್ಯಾಡ್ ಟಿ420 ನೆನಪಿದೆಯಾ? ಅದರಲ್ಲಿ ಪ್ರೊಸೆಸರನ್ನೇ ಸಾಕೆಟ್‌ನಿಂದ ಎತ್ತಿ ಬೇರೆ ಹಾಕಬಹುದಿತ್ತು. ಕೆಲವೇ ವರ್ಷಗಳಲ್ಲಿ ಪ್ರೊಸೆಸರ್ ಬೋರ್ಡಿಗೆ ಅಂಟಿತು. ಸರಿ, ಅದನ್ನು ಬದಲಿಸುವವರು ಕಡಿಮೆ ಅಂತ ಸುಮ್ಮನಾದೆವು. 2018ರ ಟಿ480ರವರೆಗೂ ಎರಡು ರ‍್ಯಾಮ್ ಸ್ಲಾಟ್ ಇದ್ದವು. ಹಿಂದಿನ ಬ್ಯಾಟರಿಯನ್ನು ಲ್ಯಾಪ್‌ಟಾಪ್ ಆಫ್ ಮಾಡದೇ ಎಳೆದು ಇನ್ನೊಂದು ಹಾಕಬಹುದಿತ್ತು, ಒಳಗೆ ಇನ್ನೊಂದು ಚಿಕ್ಕ ಬ್ಯಾಟರಿ ಇದ್ದದ್ದರಿಂದ. ಮುಂದಿನ ವರ್ಷ ಬಂದ ಟಿ490ರಲ್ಲಿ ಹೊರಗಿನ ಬ್ಯಾಟರಿ ಹೋಯಿತು, ಒಂದು ಸ್ಲಾಟ್ ಹೋಯಿತು. ಅದರ ತೆಳ್ಳನೆಯ ತಂಗಿ ಟಿ490ಎಸ್‌ನಲ್ಲಿ ಎರಡನೆಯದೂ ಹೋಯಿತು. ಒಂದೇ ಕಂಪನಿಯ ಮಾತಲ್ಲ ಇದು. ಆಪಲ್ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲೇ ರ‍್ಯಾಮನ್ನು ಬೋರ್ಡಿಗೆ ಬೆಸೆದಿತ್ತು. ಮಿಕ್ಕವರೂ ಆ ದಾರಿ ಹಿಡಿದರು.

ಹೀಗೆ ಬರೆದರೆ ನಮ್ಮ ಹಾರ್ಡ್‌ವೇರ್ ಗೆಳೆಯರು ಕಾಮೆಂಟ್‌ನಲ್ಲಿ ಏನು ಹೇಳುತ್ತಾರೆ ಅಂತ ಗೊತ್ತು. ಬೆಸೆದ ಎಲ್‌ಪಿಡಿಡಿಆರ್ ಮೆಮೊರಿ ಕರೆಂಟ್ ಕಡಿಮೆ ತಿನ್ನುತ್ತದೆ, ಬ್ಯಾಟರಿ ಜಾಸ್ತಿ ಬರುತ್ತದೆ. ಚಿಪ್ ಪ್ರೊಸೆಸರ್‌ಗೆ ಹತ್ತಿರ ಇದ್ದಷ್ಟೂ ವೇಗ ಜಾಸ್ತಿ. ಸ್ಲಾಟ್ ಇಟ್ಟರೆ ದಪ್ಪ ಆಗುತ್ತದೆ. ಇವೆಲ್ಲ ನಿಜ, ಸುಳ್ಳು ಅನ್ನುವುದಿಲ್ಲ. ಆದರೆ ಮೆಮೊರಿಯಲ್ಲಿ ಜಾಗ ಸಾಲದೆ ಎಸ್‌ಎಸ್‌ಡಿಗೆ ಎತ್ತಿಹಾಕುತ್ತಾ, ಅಂದರೆ ಸ್ವಾಪ್ ಮಾಡುತ್ತಾ ಕೂತ ಲ್ಯಾಪ್‌ಟಾಪ್‌ಗೆ ಮೆಮೊರಿಯ ವೇಗ ಕಟ್ಟಿಕೊಂಡು ಏನಾಗಬೇಕು? ದಿನವಿಡೀ ಟೇಬಲ್ ಮೇಲೆ ಚಾರ್ಜರ್ ಹಾಕಿಕೊಂಡೇ ಇರುವ ಅಕೌಂಟ್ಸ್ ಲ್ಯಾಪ್‌ಟಾಪ್‌ಗೆ ಆ ಉಳಿದ ಬ್ಯಾಟರಿ ಯಾಕೆ? ಇನ್ನು, ಬೆಸೆಯದೇ ಬೇರೆ ದಾರಿ ಇಲ್ಲ ಅನ್ನುವ ಮಾತು ಈಗ ನಿಲ್ಲುವುದಿಲ್ಲ. ಡೆಲ್ 2022ರಲ್ಲಿ ಕ್ಯಾಮ್ (CAMM) ಅನ್ನುವ ಹೊಸ ನಮೂನೆಯ ಚಪ್ಪಟೆ ಮೆಮೊರಿ ಹಲಗೆ ತಂದಿತು. ಮೆಮೊರಿಗೆ ಅಳತೆ ಗೊತ್ತುಮಾಡುವ ಜೆಡೆಕ್ ಸಂಸ್ಥೆ 2023ರ ಕೊನೆಯಲ್ಲಿ ಅದನ್ನು ಎಲ್ಲರಿಗೂ ಸಲ್ಲುವ ಮಾನದಂಡ ಮಾಡಿತು. 2024ರಲ್ಲಿ ಥಿಂಕ್‌ಪ್ಯಾಡ್ ಪಿ1 ಏಳನೇ ತಲೆಮಾರಿನಲ್ಲಿ ಅದೇ ಎಲ್‌ಪಿಡಿಡಿಆರ್ ಮೆಮೊರಿ ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಬಂತು. ಟಿ490ರ ನಂತರ ಅದರ ಜಾಗಕ್ಕೆ ಬಂದ ಟಿ14ಕ್ಕೂ ಅದೇ ವರ್ಷ, ಐದನೇ ತಲೆಮಾರಿನಲ್ಲಿ, ಎರಡು ಸ್ಲಾಟ್ ವಾಪಸ್ ಬಂದವು. ಆ ಸುದ್ದಿ ಓದಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

"ಕೊಳ್ಳುವಾಗಲೇ 32 ಜಿಬಿ ತಗೊಳ್ಳಿ, ಸಮಸ್ಯೆ ಮುಗೀತು" ಅನ್ನುವವರೂ ಇದ್ದಾರೆ. ನಲವತ್ತು ಲ್ಯಾಪ್‌ಟಾಪ್‌ಗೆ ಆ ಲೆಕ್ಕ ಹಾಕಿ ನೋಡಿ. ಅದೂ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದ ಪರಿ ನೋಡಿದ್ದೀರಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. ಇಂಥ ಹೊತ್ತಿನಲ್ಲೇ ಸ್ಲಾಟ್‌ನ ಬೆಲೆ ಗೊತ್ತಾಗುವುದು. ಈಗ ಒಂದು ಹಲಗೆ ಹಾಕಿಸು, ಬೆಲೆ ಇಳಿದಾಗ ಇನ್ನೊಂದು ಹಾಕು. ಚಿಕ್ಕ ಆಫೀಸುಗಳು ಬದುಕುವುದೇ ಹಾಗೆ. ಬೆಸೆದ ಬೋರ್ಡಿನಲ್ಲಿ ಒಂದು ಮೆಮೊರಿ ಚಿಪ್ ಕೆಟ್ಟರಂತೂ ಕಂಪನಿಯ ಸರ್ವಿಸ್‌ನವರು ಇಡೀ ಮದರ್‌ಬೋರ್ಡೇ ಬದಲಿಸಬೇಕು ಅನ್ನುತ್ತಾರೆ. ವಾರಂಟಿ ಮುಗಿದ ಮೇಲೆ ಆ ಕೊಟೇಶನ್ ನೋಡಿದವರು ಲ್ಯಾಪ್‌ಟಾಪನ್ನೇ ಮೂಲೆಗೆ ಇಡುತ್ತಾರೆ. ನಮ್ಮ ನಲವತ್ತರಲ್ಲಿ ಮೂರು ಹಾಗೇ ಹೋದವು.

ಶನಿವಾರ ಆ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ಗೆ ಹೋದೆ. ನಾನು ಹದಿನೈದು ವರ್ಷದಿಂದ ಹೋಗುವ ಒಂದು ಮಹಡಿ ಅಂಗಡಿ ಇದೆ. ಅಲ್ಲಿಯ ಹುಡುಗ ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು ನೋಡಿದ. ಬಿಸಿಗಾಳಿಯಲ್ಲಿ ಹಳೇ ಚಿಪ್ ಎತ್ತಿ ಜಾಸ್ತಿ ಜಿಬಿಯ ಚಿಪ್ ಕೂರಿಸಬಹುದಂತೆ. "ಆದರೆ ಸರ್, ಬಯೋಸ್ ಒಪ್ಪದೇ ಇದ್ದರೆ ಬೋರ್ಡ್ ಡೆಡ್. ನಾನು ಗ್ಯಾರಂಟಿ ಕೊಡಲ್ಲ" ಅಂದ. ಬಯೋಸ್ ಅಂದರೆ ಲ್ಯಾಪ್‌ಟಾಪನ್ನು ಎಬ್ಬಿಸುವ, ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್. ಪ್ರಾಮಾಣಿಕವಾಗಿ ಹೇಳಿದ. ಅವನ ಹಿಂದಿನ ಗೋಡೆಗೆ ಒರಗಿಸಿ ಕಂಪನಿಗಳಿಂದ ಬಂದ ಲ್ಯಾಪ್‌ಟಾಪ್‌ಗಳನ್ನು ಸೊಂಟದೆತ್ತರ ಪೇರಿಸಿದ್ದರು. ಎಲ್ಲವೂ ಮೂರು ನಾಲ್ಕು ವರ್ಷ ಆಫೀಸಿನಲ್ಲಿ ದುಡಿದು ಬಂದವು.

ನಾವು ಖರೀದಿ ಮಾಡುವವರು ಯೋಚಿಸದೇ ಬಿಡುವುದು ಇದನ್ನೇ. ಕಂಪನಿಯ ಲೆಕ್ಕದಲ್ಲಿ ಲ್ಯಾಪ್‌ಟಾಪ್‌ಗೆ ಆಯಸ್ಸು ನಾಲ್ಕು ವರ್ಷ. ಆಮೇಲೆ ಅದು ಎಸ್.ಪಿ. ರೋಡ್‌ಗೆ ಬರುತ್ತದೆ. ಅಲ್ಲಿಂದ ಹಾಸನಕ್ಕೆ, ರಾಯಚೂರಿಗೆ, ಗದಗಕ್ಕೆ ಹೋಗುತ್ತದೆ. ಡಿಪ್ಲೊಮಾ ಹುಡುಗರ ಕೈಗೆ, ಜೆರಾಕ್ಸ್ ಅಂಗಡಿಗೆ, ಟ್ಯಾಲಿ ಕಲಿಯುವವರಿಗೆ. ಎರಡು ಸ್ಲಾಟ್ ಇದ್ದರೆ ಅಲ್ಲಿ ಇನ್ನೂ ಐದಾರು ವರ್ಷ ಬಾಳುತ್ತದೆ. ಆ ಐದಾರು ವರ್ಷ ಇರಬೇಕಾ ಬೇಡವಾ ಅನ್ನುವುದನ್ನು ಮೊದಲ ದಿನವೇ ಪರ್ಚೇಸ್ ಆರ್ಡರ್‌ಗೆ ಸಹಿ ಹಾಕುವವನು ತೀರ್ಮಾನ ಮಾಡಿಬಿಟ್ಟಿರುತ್ತಾನೆ. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್ ಬೆಲೆಯ ಪಕ್ಕದಲ್ಲೇ ರಿಪೇರಿ ಅಂಕ ಹಾಕುತ್ತಾರೆ, ಹತ್ತಕ್ಕೆ ಇಷ್ಟು ಅಂತ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯ ಕೆಲಸವೇ. ಆದರೆ ಸ್ಲಾಟೇ ಇಲ್ಲದ ಬೋರ್ಡಿಗೆ ಪೋರ್ಟಲ್ ಏನು ಮಾಡೀತು?

ಬರುವ ತಿಂಗಳು ಆಫೀಸಿನಲ್ಲಿ ಮತ್ತೆ ಖರೀದಿ ಇದೆ. ಈ ಸಲ ಕೊಟೇಶನ್ ಕೇಳುವ ಹಾಳೆಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಎರಡು ರ‍್ಯಾಮ್ ಸ್ಲಾಟ್, ಸ್ಕ್ರೂ ಬಿಚ್ಚಿ ಬದಲಿಸುವ ಬ್ಯಾಟರಿ, ತೆಗೆಯಬಹುದಾದ ಎಸ್‌ಎಸ್‌ಡಿ. ಇಲ್ಲದ ಮಾಡೆಲ್ ತರಲೇಬೇಡಿ ಅಂತ ಮಾರುವವರಿಗೆ ಹೇಳಿದ್ದೇನೆ. ನೂರು ಗ್ರಾಂ ಜಾಸ್ತಿ ತೂಗಿದರೆ ತೂಗಲಿ.

ನನ್ನ ಹತ್ತಿರ ಒಂದು ಟಿ480 ಇತ್ತು. ಅದೇ ಅಂಗಡಿಯಿಂದ ತಂದದ್ದು, ನಾಲ್ಕು ವರ್ಷದಿಂದ ಮನೆಯ ಕೆಲಸಕ್ಕೆ ಬಳಸುತ್ತಿದ್ದೆ. 8ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11 ನಡೆಯುತ್ತದೆ. ಡ್ರೈವರ್‌ಗೆ ಫೋನ್ ಮಾಡಿ, ಬೆಸೆದದ್ದು ನನಗಿರಲಿ, ಇದನ್ನು ಮಗಳಿಗೆ ಕೊಡಿ ಅಂದೆ. ನಮ್ಮಮ್ಮನ ಯೂಟ್ಯೂಬ್ ಪ್ರವಚನಕ್ಕೆ 8 ಜಿಬಿ ಧಾರಾಳ ಸಾಕು. ಟಿ480ರ ಖಾಲಿ ಸ್ಲಾಟ್‌ಗೆ ಅಂತ ಅಂಗಡಿಯಿಂದ 8 ಜಿಬಿಯ ಒಂದು ಡಿಡಿಆರ್4 ಮೆಮೊರಿ ಹಲಗೆ ತಂದೆ. ಅದರ ದುಡ್ಡು ಮಾತ್ರ ಅವರೇ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಮನೆಗೆ ಬಂದರು. ಮುಚ್ಚಳ ನಾನು ತೆಗೆದುಕೊಟ್ಟೆ, ಹಲಗೆಯನ್ನು ಅವಳ ಕೈಗೇ ಕೊಟ್ಟೆ. ಮೊದಲು ಭಯ ಪಟ್ಟಳು. ಬಂಗಾರದ ಅಂಚನ್ನು ಮುಟ್ಟಬೇಡ, ಈ ಕಚ್ಚು ಅಲ್ಲಿಯ ಹಲ್ಲಿಗೆ ಹೊಂದಬೇಕು, ಓರೆಯಾಗಿ ತೂರಿಸು, ಆಮೇಲೆ ಕೆಳಗೆ ಒತ್ತು ಅಂದೆ. ಎರಡು ಹೆಬ್ಬೆರಳಿಂದ ಒತ್ತಿದಳು. ಎರಡೂ ಕಡೆಯ ಕ್ಲಿಪ್ ಕಟಕ್ ಅಂತ ಕೂತವು.

"ಇಷ್ಟೇನಾ ಅಂಕಲ್?" ಅಂದಳು.

"ಇಷ್ಟೇ ಪುಟ್ಟಾ" ಅಂದೆ.