ಪಾಸಾದ ಪ್ರಾಮಾಣಿಕರು

ಅಂತೂ ಈ ವರ್ಷದ ನೈತಿಕತೆಯ ತರಬೇತಿ ಮುಗಿಯಿತು. ಕಚೇರಿಯಲ್ಲಿ ಕೂತು ದುಡಿಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವಿಡಿಯೊ, ಒಂದಷ್ಟು ಪ್ರಶ್ನೆ, ಕೊನೆಗೆ ನಮ್ಮ ಹೆಸರು ಅಚ್ಚಾದ ಸರ್ಟಿಫಿಕೇಟ್. ವಿಡಿಯೊವನ್ನು ಮುಂದಕ್ಕೆ ಓಡಿಸಲು ಬಿಡುವುದಿಲ್ಲವಾದ್ದರಿಂದ ಮ್ಯೂಟ್ ಮಾಡಿ ಬೇರೆ ಕೆಲಸ ನೋಡಿಕೊಳ್ಳುವುದು ರೂಢಿ. ಉತ್ತರಗಳಂತೂ ವಾಟ್ಸ್ಆ್ಯಪ್ ಗುಂಪಿಗೆ ಬೆಳಿಗ್ಗೆಯೇ ಬಂದು ಬಿದ್ದಿರುತ್ತವೆ: ಒಂದು ಬಿ, ಎರಡು ಡಿ, ಮೂರು ಎ. ಮೂರನೇ ಪ್ರಶ್ನೆ, 'ಸಹೋದ್ಯೋಗಿ ಪರೀಕ್ಷೆಯಲ್ಲಿ ನಕಲು ಮಾಡುವುದು ಕಂಡರೆ ಏನು ಮಾಡುವಿರಿ?' ಉತ್ತರ ಎ. ಎ ಅಂದರೆ ಏನೆಂದು ಯಾರೂ ಓದಿಲ್ಲ. ಎಲ್ಲರೂ ಪಾಸು.

ಹಿಂದೆಲ್ಲ ಒಳ್ಳೆಯವನಾಗಲು ಇಡೀ ಆಯುಷ್ಯ ಸವೆಸಬೇಕಿತ್ತು. ಈಗ ಊಟದ ವಿರಾಮದೊಳಗೆ ಮುಗಿಯುತ್ತದೆ. ಪ್ರಗತಿಯೆಂದರೆ ಇದಪ್ಪ!

ಈ ವಿದ್ಯೆಗೆ ಮೂಲಪುರುಷರೆಂದು ಅಮೆರಿಕದ ಎನ್ರಾನ್ ಕಂಪನಿಗೆ ಕೈ ಮುಗಿಯಬೇಕು. 2000ದಲ್ಲಿ 64 ಪುಟಗಳ ನೀತಿಸಂಹಿತೆ ಅಚ್ಚು ಹಾಕಿಸಿ ಸಿಬ್ಬಂದಿಗೆ ಹಂಚಿತ್ತು. ಗೌರವ, ಪ್ರಾಮಾಣಿಕತೆ, ಏನುಂಟು ಏನಿಲ್ಲ ಅದರಲ್ಲಿ! 2001ರ ಡಿಸೆಂಬರಿನಲ್ಲಿ ಸುಳ್ಳು ಲೆಕ್ಕಗಳ ಸಮೇತ ದಿವಾಳಿ. ಪುಸ್ತಕ ಮಾತ್ರ ಹೊಸದರಂತೆಯೇ ಉಳಿದಿದ್ದಿರಬೇಕು, ತೆರೆದವರಿದ್ದರೆ ತಾನೆ ಹಾಳೆ ಮಾಸುವುದು.

ವಿದ್ವಾಂಸರೇನು ಕಮ್ಮಿಯಿಲ್ಲ. ಅರ್ಜಿಯ ಕೆಳಗೆ ಸಹಿ ಮಾಡಿಸುವ ಬದಲು ಮೇಲೆಯೇ ಮಾಡಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತದೆ ಎಂದು 2012ರಲ್ಲಿ ಒಂದು ಪ್ರಬಂಧ ಬಂತು. ಲೋಕವೆಲ್ಲ ತಲೆದೂಗಿತು. ಸಹಿಯನ್ನು ನಾಲ್ಕು ಇಂಚು ಮೇಲಕ್ಕೆತ್ತಿದರೆ ಸತ್ಯಹರಿಶ್ಚಂದ್ರ ತಯಾರಾಗುವುದಾದರೆ ಯಾರಿಗೆ ಬೇಡ? 2021ರಲ್ಲಿ ಅದನ್ನು ಹಿಂಪಡೆಯಲಾಯಿತು. ಕಾರಣ, ಒಳಗಿದ್ದ ಅಂಕಿಅಂಶಗಳೇ ಕಟ್ಟುಕತೆ. ಪ್ರಾಮಾಣಿಕತೆಯ ಮೇಲಿನ ಸಂಶೋಧನೆ ಸ್ವಾಮಿ, ಬೇರೆ ಯಾವುದರದ್ದೂ ಅಲ್ಲ. ಇನ್ನು ಎರಿಕ್ ಶ್ವಿಟ್ಸ್‌ಗೆಬೆಲ್ ಎಂಬ ತತ್ವಶಾಸ್ತ್ರದ ಮೇಷ್ಟ್ರು ಗ್ರಂಥಾಲಯಗಳ ಲೆಕ್ಕ ತೆಗೆದು ನೋಡಿದರೆ, ತತ್ವಶಾಸ್ತ್ರದ ಉಳಿದ ಪುಸ್ತಕಗಳಿಗಿಂತ ನೀತಿಶಾಸ್ತ್ರದವೇ ಹೆಚ್ಚು ಕಾಣೆಯಾಗಿದ್ದವು. ಅದೂ ಪಂಡಿತರಷ್ಟೇ ಕೈ ಹಾಕುವಂಥ ಪುಸ್ತಕಗಳು. ಕದ್ದಾದರೂ ಓದುತ್ತಾರಲ್ಲ, ಆ ಶ್ರದ್ಧೆಯನ್ನಾದರೂ ಮೆಚ್ಚಬೇಡವೇ?

ಸಾಕು. ನಗು ಬರುವುದೂ ಇಷ್ಟೇ ಹೊತ್ತು.

ಪ್ರತಿ ಕಚೇರಿಯಲ್ಲೂ ಒಬ್ಬಳಿರುತ್ತಾಳೆ. 'ಹಿಂದಿನ ತಾರೀಕು ಹಾಕಿ ಒಂದು ಸಹಿ ಮಾಡಿಬಿಡಮ್ಮ, ಎಲ್ಲರೂ ಮಾಡ್ತಾರೆ' ಎಂದರೆ 'ಆಗಲ್ಲ ಸರ್, ನಾನು ಅವತ್ತು ನೋಡಿಲ್ಲ' ಎನ್ನುವವಳು. ಭಾಷಣವಿಲ್ಲ, ಜಗಳವಿಲ್ಲ, ಕಡತ ವಾಪಸು. ಅಷ್ಟಕ್ಕೇ ಅವಳ ಮೇಜು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಹೋಗುತ್ತದೆ. ಅವಳಿಗೆ 'ಹೊಂದಾಣಿಕೆ ಸಾಲದು' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಊಟಕ್ಕೆ ಕರೆಯುತ್ತಿದ್ದವರು ಕರೆಯುವುದನ್ನು ಬಿಡುತ್ತಾರೆ. ಎಲ್ಲರ ಹತ್ತಿರವೂ ಸರ್ಟಿಫಿಕೇಟ್ ಇದೆ, ಒಬ್ಬರಾದರೂ ಅವಳ ಪರ ಬಾಯಿ ಬಿಡುವುದಿಲ್ಲ. ಇದರಲ್ಲಿ ವಿಡಂಬನೆ ಮಾಡಲು ಏನೂ ಇಲ್ಲ, ಅಸಹ್ಯವಾಗುತ್ತದೆ ಅಷ್ಟೇ.

ವರ್ಷದ ಕೊನೆಗೆ ಮೌಲ್ಯಮಾಪನ ಬರುತ್ತದೆ. 'ನೈತಿಕತೆ' ಎಂಬ ಕಾಲಮಿನಲ್ಲಿ ಅವಳಿಗೆ ಐದಕ್ಕೆ ಮೂರು. ಅಂಕ ಹಾಕುವವರು, ಹಿಂದಿನ ತಾರೀಕು ಕೇಳಿದ ಅದೇ ಸಾಹೇಬರು.