ಆತ್ಮಸಾಕ್ಷಾತ್ಕಾರಕ್ಕೆ ಬರುವವರು ಬಯೋಮೆಟ್ರಿಕ್ ಒತ್ತಿ ಬನ್ನಿ

ಮಾರ್ಚ್ 31 ಹತ್ತಿರವಾಗುತ್ತಿದ್ದಂತೆ, ನೌಕರರ ವ್ಯಕ್ತಿತ್ವ ಇನ್ನೂ ವಿಕಸನವಾಗಿಲ್ಲ ಎಂಬುದು ನಮ್ಮ ಹಾಸನದ ಕಡೆಯ ಕಚೇರಿಗಳಿಗೆ ಇದ್ದಕ್ಕಿದ್ದಂತೆ ಹೊಳೆಯುತ್ತದೆ. ತರಬೇತಿಗೆಂದು ಬಂದ ಹಣ ಖರ್ಚಾಗದೆ ವಾಪಸ್ ಹೋದರೆ ಮುಂದಿನ ವರ್ಷ ಅಷ್ಟು ಬರುವುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ಸಂಬಳ ಕಾಣದ ಹೊರಗುತ್ತಿಗೆಯವರನ್ನು ಹುಡುಕಿ ತಂದು, ಒಂದು ದಿನದ ಮಟ್ಟಿಗೆ ಆತ್ಮಸಾಕ್ಷಾತ್ಕಾರ ಮಾಡಿಸಲಾಗುತ್ತದೆ. ಆ ಹಣವನ್ನು ಸಂಬಳಕ್ಕೇ ಕೊಡಬಹುದಲ್ಲ ಅನ್ನುವವರಿಗೆ ಸರ್ಕಾರಿ ಲೆಕ್ಕ ಗೊತ್ತಿಲ್ಲ. ಆ ಲೆಕ್ಕಶೀರ್ಷಿಕೆ ಬೇರೆ, ಈ ಲೆಕ್ಕಶೀರ್ಷಿಕೆ ಬೇರೆ. ಆತ್ಮದ ಹಣದಲ್ಲಿ ಹೊಟ್ಟೆ ತುಂಬಿಸಿದರೆ ಆಡಿಟ್ ಆಕ್ಷೇಪಣೆ ಬರುತ್ತದೆ.

ಹೊಸದಾಗಿ ಇಂಥ ಕಾರ್ಯಾಗಾರ ನಡೆಸುವವರಿಗೆ ಕೆಲವು ಸೂಚನೆ. ಹತ್ತಡಿಗೆ ಆರಡಿಯ ಫ್ಲೆಕ್ಸ್ ಸಾಕು. ಅದರಲ್ಲಿ ಮುಕ್ಕಾಲು ಭಾಗ ಗಣ್ಯರ ಮುಖ, ಉಳಿದ ಜಾಗದಲ್ಲಿ ವಿಷಯ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದು ಹಾಕಿಸಿ. ನೌಕರರಿಗೆ ಒಂಬತ್ತಕ್ಕೇ ಬರಹೇಳಿ. ಅತಿಥಿಗಳು ಹನ್ನೊಂದೂ ಮುಕ್ಕಾಲಿಗೆ ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಶಾಲು, ಹಾರ, ಏಲಕ್ಕಿ ಹಾರ ಸಿಗದಿದ್ದರೆ ಹಣ್ಣಿನ ಬುಟ್ಟಿ, ಆಮೇಲೆ ಆರು ಭಾಷಣ. ಸಂಪನ್ಮೂಲ ವ್ಯಕ್ತಿಯ ಕೈಗೆ ಮೈಕು ಬರುವ ಹೊತ್ತಿಗೆ ಹನ್ನೆರಡೂ ಮುಕ್ಕಾಲು, ಹಿಂದಿನ ಬಾಗಿಲಿಂದ ಸಾಂಬಾರಿನ ವಾಸನೆ. ನಲವತ್ತು ಸ್ಲೈಡು, ಇಪ್ಪತ್ತು ನಿಮಿಷ.

ಈ ಹಂತದಲ್ಲಿ ಸಾಮಾನ್ಯವಾಗಿ ಎಡವಟ್ಟಾಗುವುದು ಶೌಚಾಲಯದ ಬೀಗದಲ್ಲಿ. ಸಭಾಂಗಣದ ಶೌಚಾಲಯ ಉದ್ಘಾಟನೆಯಾದ ದಿನದಿಂದ ಚೊಕ್ಕಟವಾಗಿರುವುದು ಬೀಗದ ದೆಸೆಯಿಂದಲೇ. ಕೀ ವಾಚ್‌ಮನ್ ಹತ್ತಿರ, ವಾಚ್‌ಮನ್ ಸಂತೆಪೇಟೆಯಲ್ಲಿ. ಇದು ಗೊತ್ತಿರುವ ಹೆಂಗಸರು ಮನೆಯಿಂದಲೇ ನೀರು ಕುಡಿಯದೆ ಬಂದಿರುತ್ತಾರೆ. ಗೊತ್ತಿಲ್ಲದೆ ಬಂದವಳೊಬ್ಬಳು ಎದ್ದು ಹೋಗಿ ಮೆಲ್ಲಗೆ ಕೇಳುತ್ತಾಳೆ.

“ಅಣ್ಣ, ಬೀಗ ಒಸಿ ತೆಗ್ಸಿಕೊಡಣ್ಣ.”

“ತಡಿಯಮ್ಮ, ಸಾಹೇಬ್ರು ಮೊದಲನೇ ಮೆಟ್ಟಿಲು ಹೇಳ್ತಾವ್ರೆ. ಕೂತ್ಕೊ ಓಗು.”

ಮೊದಲನೇ ಮೆಟ್ಟಿಲು ಅಂದರೆ ಶಾರೀರಿಕ ಅಗತ್ಯಗಳು: ಗಾಳಿ, ನೀರು, ಅನ್ನ, ನಿದ್ದೆ, ಮತ್ತು ಅವಳು ಕೇಳಿದ್ದು. ಮೇಲೆ ಭದ್ರತೆ, ಅದರ ಮೇಲೆ ಪ್ರೀತಿ-ಬಾಂಧವ್ಯ, ಆಮೇಲೆ ಗೌರವ, ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ, ಅಂದರೆ ತನ್ನೊಳಗಿನ ಸಾಮರ್ಥ್ಯವನ್ನೆಲ್ಲ ಹೊರತರುವುದು. ಐದು ಬಣ್ಣದ ಈ ಪಿರಮಿಡ್ಡಿನ ಕೆಳಗೆ ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೋ ಹೆಸರು. ಮ್ಯಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. 1954ರ ಪುಸ್ತಕದಲ್ಲೂ ಇಲ್ಲ. ಅದನ್ನು 1960ರಲ್ಲಿ ಒಂದು ವ್ಯವಹಾರ ಪತ್ರಿಕೆಯಲ್ಲಿ ಬರೆದು ತೋರಿಸಿದ್ದು ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರ. ಕಂಪನಿಗಳು ಕಡಿಮೆ ಖರ್ಚಿನಲ್ಲಿ ನೌಕರರಿಂದ ಹೆಚ್ಚು ಕೆಲಸ ತೆಗೆಯುವುದಕ್ಕೆ ಈ ಸಿದ್ಧಾಂತ ಹೇಗೆ ಉಪಯೋಗ ಎನ್ನುವುದು ಅವನ ವಿಷಯವಾಗಿತ್ತು. ಆ ಮಟ್ಟಿಗೆ ನಮ್ಮವರು ಮೂಲಕ್ಕೆ ನಿಷ್ಠರಾಗಿಯೇ ಇದ್ದಾರೆ.

ಒಂದು ಮೆಟ್ಟಿಲು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಎಂದೂ ಮ್ಯಾಸ್ಲೋ ಹೇಳಲಿಲ್ಲ. ಸಾಧಾರಣ ಮನುಷ್ಯನಿಗೆ ಶಾರೀರಿಕ ಅಗತ್ಯ ಶೇ 85ರಷ್ಟು, ಭದ್ರತೆ 70, ಪ್ರೀತಿ 50, ಸ್ವಗೌರವ 40, ಆತ್ಮಸಾಕ್ಷಾತ್ಕಾರ 10ರಷ್ಟು ಈಡೇರಿರಬಹುದು ಎಂದು ಒಂದು ಅಂದಾಜು ಕೊಟ್ಟ. ಬರೀ ಉದಾಹರಣೆಗೆ, ಮನಸ್ಸಿಗೆ ತೋಚಿದ ಅಂಕಿಗಳು ಎಂದು ಅವನೇ ಹೇಳಿಕೊಂಡ. ಇನ್ನು ತುದಿ ಮುಟ್ಟಿದವರ ವಿಚಾರ: ಮೂರು ಸಾವಿರ ಕಾಲೇಜು ವಿದ್ಯಾರ್ಥಿಗಳನ್ನು ಜಾಲಾಡಿದಾಗ ಅವನ ಅಧ್ಯಯನಕ್ಕೆ ತಕ್ಷಣ ಒದಗಿದ್ದು ಒಬ್ಬನೇ ಒಬ್ಬ. ಕೊನೆಗೆ ಲಿಂಕನ್, ಐನ್‌ಸ್ಟೈನ್, ಎಲಿನಾರ್ ರೂಸ್‌ವೆಲ್ಟ್ ಅಂಥವರ ಬದುಕನ್ನು ನೋಡಿ ಪಟ್ಟಿ ಮಾಡಬೇಕಾಯಿತು. ನಮ್ಮಲ್ಲಿ ಆ ಕಷ್ಟವಿಲ್ಲ. ತೊಂಬತ್ತು ಜನ ಬಂದಿದ್ದರೆ ಸಂಜೆ ನಾಲ್ಕೂವರೆಗೆ ತೊಂಬತ್ತೂ ಜನರ ಹೆಸರಲ್ಲಿ ಪ್ರಮಾಣಪತ್ರ ತಯಾರು. ಮೂವರ ಇನಿಷಿಯಲ್ ತಪ್ಪಿರುತ್ತದೆ, ಅಷ್ಟೆ.

ಎರಡನೇ ಮೆಟ್ಟಿಲು ಭದ್ರತೆ. ಇದನ್ನು ಹಾಸನದ ಪಾರ್ಕಿನ ಬಳಿ ಕೂತು ವಿವರಿಸುವುದು ಸಲೀಸು, ಆಲೂರು-ಸಕಲೇಶಪುರದಲ್ಲಿ ಕಷ್ಟ. ತೋಟದ ಮಾಲೀಕರೂ ಈಗೀಗ ಕೊಯ್ಲಿಗೆ ಮೊದಲು ಆಳುಗಳಿಗೆ ಮೋಟಿವೇಶನ್ ಕೊಡಿಸುವ ಹಂತಕ್ಕೆ ಬಂದಿದ್ದಾರೆ. ಭಾಷಣಕಾರ ‘ನಿಮ್ಮ ಕಂಫರ್ಟ್ ಜೋನ್‌ನಿಂದ ಹೊರಗೆ ಬನ್ನಿ’ ಎಂದು ಕೈ ಬೀಸಿ ಹೇಳುತ್ತಾನೆ. ಕೇಳುತ್ತಿರುವವರು ಬೆಳಿಗ್ಗೆ ಲೈನ್‌ಮನೆಯಿಂದ ಹೊರಗೆ ಕಾಲಿಡುವ ಮೊದಲು, ರಾತ್ರಿ ಆನೆ ಯಾವ ತೋಟದಲ್ಲಿ ಉಳಿಯಿತು ಎಂದು ಮೊಬೈಲಿನಲ್ಲಿ ನೋಡಿಕೊಂಡು ಹೊರಡುವವರು. ಹೊರಗೆ ಬಂದರೆ ಏನಾಗುತ್ತದೆಂದು ಅವರಿಗೆ ಭಾಷಣಕಾರನಿಗಿಂತ ಚೆನ್ನಾಗಿ ಗೊತ್ತು. ಲೈನ್‌ಮನೆಯ ಶೀಟು ಸೋರುವ ವಿಷಯ ಯಾರಾದರೂ ಎತ್ತಿದರೆ ಅದಕ್ಕೂ ಉತ್ತರ ಸಿದ್ಧವಿದೆ: ಸಮಸ್ಯೆಯನ್ನು ನೋಡಬೇಡಿ, ಅವಕಾಶವನ್ನು ನೋಡಿ. ತೋಟದ ಲೆಕ್ಕ ಬರೆಯುವ ರೈಟರು ತಲೆಯಾಡಿಸಿ ನೋಟ್ ಮಾಡಿಕೊಳ್ಳುತ್ತಾರೆ.

ಊಟದ ನಂತರ ಬಲೂನು. ತೊಂಬತ್ತು ಜನಕ್ಕೆ ನೂರೈವತ್ತು ಬೇಕು. ಅಗ್ಗದವು ಊದುವಾಗಲೇ ಮೂರಕ್ಕೊಂದು ಒಡೆಯುತ್ತವೆ. ಒಡೆಯಬೇಕಾದ ಸಮಯ ಬಂದಾಗ, ಅಂದರೆ ‘ಅಹಂಕಾರ ಒಡೆಯಿರಿ’ ಎಂದಾಗ, ಯಾರೂ ಒಡೆಯುವುದಿಲ್ಲ. ಮನೆಯಲ್ಲಿ ಮಕ್ಕಳಿವೆ, ತೆಗೆದುಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಇಡೀ ದಿನದಲ್ಲಿ ನಡೆಯುವ ಒಂದೇ ಅರ್ಥವತ್ತಾದ ಕೆಲಸ ಅದು.

ಊಟದ ನಿದ್ದೆ ಓಡಿಸಲೆಂದು ಮೂರು ಗಂಟೆಗೆ ಅಮೆರಿಕದ ಮನೋವಿಜ್ಞಾನಿ ಹರ್ಜ್‌ಬರ್ಗ್‌ನನ್ನು ಕರೆಸುತ್ತಾರೆ. ‘ಸಂಬಳದಿಂದ ಪ್ರೇರಣೆ ಬರುವುದಿಲ್ಲ ಎಂದು ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದಾನೆ’ ಎನ್ನುವಾಗ ಮೊದಲ ಸಾಲಿನ ಅಧಿಕಾರಿಗಳ ಮುಖ ಅರಳುತ್ತದೆ. ಹರ್ಜ್‌ಬರ್ಗ್ ಮಾತಾಡಿಸಿದ್ದು ಪಿಟ್ಸ್‌ಬರ್ಗ್ ಕಡೆಯ ಸುಮಾರು ಇನ್ನೂರು ಎಂಜಿನಿಯರು, ಅಕೌಂಟೆಂಟುಗಳನ್ನು. ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ ಇವು ಸರಿಯಿದ್ದರೆ ಮನುಷ್ಯ ಹಿಗ್ಗುವುದಿಲ್ಲ, ಆದರೆ ಕೆಟ್ಟರೆ ಕೊರಗುತ್ತಾನೆ. ಆ ಕೊರಗನ್ನು ಸಾಧನೆ, ಮನ್ನಣೆಗಳಿಂದ ತೊಳೆಯಲಾಗದು, ಯಾಕೆಂದರೆ ಎರಡರ ದಾರಿ ಬೇರೆ ಬೇರೆ. ಈ ಎರಡನೇ ಅರ್ಧ ಸ್ಲೈಡಿನಲ್ಲಿ ಇರುವುದಿಲ್ಲ. ಇದ್ದರೂ ಅಷ್ಟು ಹೊತ್ತಿಗೆ ಕರೆಂಟು ಹೋಗಿರುತ್ತದೆ.

ಪ್ರಮಾಣಪತ್ರದ ಬಗ್ಗೆ ಒಂದು ಎಚ್ಚರಿಕೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್‌ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು, ಸ್ಕೆಚ್ ಪೆನ್ನಿನಲ್ಲಿ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆದರೆ ರಿಬ್ಬನ್ನು, ಹೊಳೆಯುವ ಮುದ್ರೆ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಕೆಲವು ಮಕ್ಕಳಿಗೆ ಮೊದಲೇ ಹೇಳಿದರು, ಕೊಟ್ಟರು. ಒಂದೆರಡು ವಾರದ ಮೇಲೆ ನೋಡಿದರೆ ಆ ಮಕ್ಕಳು ಪೆನ್ನು ಹಿಡಿಯುತ್ತಿದ್ದ ಹೊತ್ತು ಉಳಿದವರ ಅರ್ಧಕ್ಕೆ ಇಳಿದಿತ್ತು. ಹೇಳದೆ ಕೇಳದೆ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಇಷ್ಟಪಟ್ಟು ಕೆಲಸ ಮಾಡುವ ಒಬ್ಬಿಬ್ಬರು ನಿಮ್ಮ ಕಚೇರಿಯಲ್ಲಿದ್ದರೆ, ದಯವಿಟ್ಟು ಅವರನ್ನು ‘ತಿಂಗಳ ಉತ್ತಮ ನೌಕರ’ ಎಂದು ಮೊದಲೇ ಘೋಷಿಸಿ ಫೋಟೊ ತೂಗುಹಾಕಬೇಡಿ. ಮನುಷ್ಯನಿಗೆ ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಈ ಮೂರು ಬೇಕು ಎಂದು ಡೆಸಿ ಮತ್ತು ರಯಾನ್ ಎಂಬ ಮನೋವಿಜ್ಞಾನಿಗಳು ವಾದಿಸಿದ್ದೂ ಸ್ಲೈಡಿನಲ್ಲಿ ಬರುತ್ತದೆ. ಸ್ವಾಯತ್ತತೆಯ ಅಧಿವೇಶನಕ್ಕೆ ಹಾಜರಿ ಕಡ್ಡಾಯ. ಬೆರಳು ಒತ್ತದವರಿಗೆ ನೋಟಿಸು.

ಮೇಲಿನ ದರ್ಜೆಯವರ ಆತ್ಮ ಮಾತ್ರ ಹಾಸನದಲ್ಲಿ ಸಾಕ್ಷಾತ್ಕಾರವಾಗುವುದಿಲ್ಲ. ಅದಕ್ಕೆ ಚಿಕ್ಕಮಗಳೂರಿನ ರೆಸಾರ್ಟೇ ಆಗಬೇಕು, ಎರಡು ರಾತ್ರಿ. ಅಲ್ಲಿ ಮೆಟ್ಟಿಲುಗಳು ತಲೆಕೆಳಗು. ಹೊಟ್ಟೆ ತುಂಬಿದವರಿಗೆ ದುಡ್ಡು ತೆಗೆದುಕೊಂಡು ಉಪವಾಸ, ಹಾಸಿಗೆ ಇದ್ದವರಿಗೆ ಚಾಪೆ, ಮಾತಿಗೆ ನೂರು ಜನ ಇದ್ದವರಿಗೆ ಮೌನ. ಮಳೆಗಾಲದಲ್ಲಾದರೆ ಬರಿಗಾಲಲ್ಲಿ ತೋಟ ಸುತ್ತಿಸುತ್ತಾರೆ, ‘ಭೂಮಿಯೊಂದಿಗೆ ಸಂಪರ್ಕ’. ಸಂಪರ್ಕಕ್ಕೆ ಮೊದಲು ಬರುವುದು ಇಂಬಳ. ಕಿತ್ತರೆ ರಕ್ತ ನಿಲ್ಲುವುದಿಲ್ಲ, ಉಪ್ಪು ಹಾಕಿದರೆ ತಾನೇ ಉದುರುತ್ತದೆ ಎಂದು ತಿಳಿಸಿಕೊಡುವುದು ಅದೇ ತೋಟದ ಹೆಣ್ಣಾಳು. ಅವಳಿಗೆ ಗೌರವಧನವಿಲ್ಲ.

ಮರುದಿನ ಬೆಳಗಿನ ಜಾವ ಮ್ಯಾಸ್ಲೋ ಹೇಳುವ ‘ಶಿಖರಾನುಭವ’ಕ್ಕೆಂದು, ಅಂದರೆ ಮೈಮರೆಸುವ ಆನಂದಕ್ಕೆಂದು, ಮುಳ್ಳಯ್ಯನಗಿರಿ. 1,930 ಮೀಟರ್, ರಾಜ್ಯದಲ್ಲಿ ಇದಕ್ಕಿಂತ ಎತ್ತರ ಇಲ್ಲ. ರಜಾದಿನವಾದರೆ ಗಾಡಿಗಳ ಸಾಲು ಅರ್ಧ ಗುಡ್ಡಕ್ಕೇ ನಿಲ್ಲುತ್ತದೆ. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಎರಡು ಲೋಟ ಫಿಲ್ಟರ್ ಕಾಫಿ ಕುಡಿದು ಹೊರಟ ಹಿರಿಯ ಅಧಿಕಾರಿ ಚಾಲಕನನ್ನು ಕೇಳುವ ಪ್ರಶ್ನೆ, ಹಾಸನದ ಸಭಾಂಗಣದಲ್ಲಿ ಆ ಹೆಂಗಸು ಕೇಳಿದ್ದೇ.

ಮ್ಯಾಸ್ಲೋನ ಮೆಟ್ಟಿಲು ನಿಜವೇ ಎಂದು ನೋಡಲು 2011ರಲ್ಲಿ ಟೇ ಮತ್ತು ಡೀನರ್ ಎಂಬ ಇಬ್ಬರು ಸಂಶೋಧಕರು 123 ದೇಶಗಳ 60 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಜರಡಿ ಹಿಡಿದರು. ಅಗತ್ಯಗಳೇನೋ ಎಲ್ಲ ಕಡೆಯೂ ಇದ್ದವು. ಹಸಿದವರಿಗೂ ಸ್ನೇಹದಿಂದ ಸಂತೋಷ ಸಿಗುತ್ತಿತ್ತು, ಸರದಿ ಕಾಯಬೇಕಾಗಿರಲಿಲ್ಲ. ಜೊತೆಗೆ, ತನ್ನ ಅಗತ್ಯವಷ್ಟೇ ಅಲ್ಲ, ಸುತ್ತಲಿನವರ ಅಗತ್ಯ ಈಡೇರಿರುವುದೂ ಒಬ್ಬನ ನೆಮ್ಮದಿಗೆ ಸೇರುತ್ತಿತ್ತು. ಇದಕ್ಕೆ ಬಣ್ಣದ ಚಿತ್ರ ಇಲ್ಲದ್ದರಿಂದ ಕಾರ್ಯಾಗಾರಕ್ಕೆ ಒದಗುವುದಿಲ್ಲ.

ಇನ್ನು ಬಿಲ್ಲು. ಜಿಪಿಎಸ್ ಫೋಟೊ ನಾಲ್ಕು, ಹಾಜರಾತಿ ಪ್ರತಿ, ಊಟದ ರಸೀದಿ, ಹಣ ಬಳಕೆ ಪ್ರಮಾಣಪತ್ರ ಇಷ್ಟನ್ನೂ ಲಗತ್ತಿಸಿ. ಸಂಪನ್ಮೂಲ ವ್ಯಕ್ತಿಯ ಪ್ಯಾನ್ ಕಾರ್ಡಿನ ಪ್ರತಿ ಮರೆತಿರೋ, ಖಜಾನೆಯಿಂದ ಆಕ್ಷೇಪಣೆ ಬಂದು ಮಾರ್ಚ್ 31 ದಾಟುತ್ತದೆ, ಹಣ ಹೋಗುತ್ತದೆ. ಜೂನ್ ಹೊತ್ತಿಗೆ ಆ ಸಂಪನ್ಮೂಲ ವ್ಯಕ್ತಿ ದಿನಾ ಫೋನು ಮಾಡತೊಡಗುತ್ತಾರೆ.

“ಏನ್ರೀ, ನನ್ನ ಗೌರವಧನ ಇನ್ನೂ ಆಗಿಲ್ವಲ್ರೀ?”

“ಆಗುತ್ತೆ ಸಾರ್. ದುಡ್ಡಿಂದ ಪ್ರೇರಣೆ ಬರಲ್ಲ ಅಂತ ತಾವೇ ಹೇಳಿದ್ರಲ್ಲ ಸಾರ್, ಮೂರು ಗಂಟೆ ಕ್ಲಾಸಲ್ಲಿ.”